ಹಲಗೆಯ ತುದಿಯ ಮೇಸ್ತ್ರಿ

ಏಳು ತಿಂಗಳ ನಮ್ಮ ಮಗಳಿಗೆ ಕಿವಿ ಕೇಳುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. ಬಸುರಿಯಾಗಿದ್ದಾಗ ನನ್ನ ಹೆಂಡತಿಗೆ ಬಂದುಹೋದ ಸಣ್ಣ ಜ್ವರ ಒಂದು ವೈರಸ್ಸಿನದಂತೆ. ಅದು ಹೊಟ್ಟೆಯಲ್ಲಿದ್ದ ಕೂಸಿಗೂ ತಗುಲಿ ಕಿವಿಯನ್ನೇ ಕಿತ್ತುಕೊಂಡಿತಂತೆ.

"ಏನ್ ಮಾತಾಡ್ತೀರಮ್ಮ? ನಾನು ಬಡಗಿ. ಒಂದು ಮೊಳೆ ಹೊಡೆದ್ರೆ ಸಾಕು, ತಿರುಗಿ ನೋಡಿ ನಗ್ತಾಳೆ. ನನ್ನ ಕೆಲಸಕ್ಕೆ ಅವಳೇ ಮೇಸ್ತ್ರಿ," ಎಂದೆ.

"ಆಗ ಮಗೂನ ಎಲ್ಲಿ ಮಲಗಿಸಿರ್ತೀರಿ?"

"ನಾನು ಕೆಲಸ ಮಾಡೋ ಹಲಗೆ ಮೇಲೇ, ಆ ತುದೀಲಿ. ಕಣ್ಮುಂದೆ ಇರ್ಲಿ ಅಂತ."

ಡಾಕ್ಟರಮ್ಮ ಮಗುವಿನ ಬೆನ್ನು ಸವರಿ, "ಹಲಗೆ ಅದುರೋದು ಬೆನ್ನಿಗೆ ಗೊತ್ತಾಗತ್ತಪ್ಪ," ಎಂದರು.

ಮನೆಗೆ ಬಂದವನೇ ಮಗುವನ್ನು ಹೆಂಡತಿಯ ಮಡಿಲಲ್ಲಿ ಕೂರಿಸಿ, ಅವರ ಬೆನ್ನ ಹಿಂದೆ ನಿಂತು ಮೊಳೆ ಹೊಡೆದೆ. ಹೊಡೆದೇ ಹೊಡೆದೆ. ಮೊಳೆ ಪೂರ್ತಿ ಒಳಗಿಳಿಯಿತು. ಮಗು ಅಮ್ಮನ ಬೆರಳು ಚೀಪುತ್ತಲೇ ಇತ್ತು.

ಹೆಂಡತಿ ಎದ್ದು ಬಂದು ಮಗುವನ್ನು ಮತ್ತೆ ಹಲಗೆಯ ತುದಿಯಲ್ಲಿ ಮಲಗಿಸಿದಳು.

"ಇನ್ನೊಂದ್ಸಲ ಹೊಡೀರಿ," ಎಂದಳು. "ಒಂದೇ ಒಂದ್ಸಲ."

ಹೊಡೆದೆ. ನಮ್ಮ ಮೇಸ್ತ್ರಿ ಎಂದಿನಂತೆ ತಿರುಗಿ ನೋಡಿ ನಕ್ಕಳು.