ಏಳನೇ ಗೂಡಿನ ಮುಂದಿನ ಬೆಂಚು

ತಮಗೆ ತುಂಬ ತಾಳ್ಮೆ ಇದೆ ಎಂದು ತಾವೇ ಹೇಳಿಕೊಳ್ಳುವವರನ್ನು ಕಂಡರೆ ದೊಡ್ಡಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ನಿಜವಾಗಿ ತಾಳ್ಮೆ ಇದ್ದವರು ಆ ಮಾತನ್ನು ಹೇಳಲು ಅಷ್ಟು ಅವಸರ ಪಡುವುದಿಲ್ಲ ಎನ್ನುವುದು ಆಕೆಯ ವಾದ.

ಆಕೆ ಅನಾಥ ಪ್ರಾಣಿಗಳ ಶೆಲ್ಟರಿನಲ್ಲಿ ಬೆಕ್ಕಿನ ಕೋಣೆಯ ಕೆಲಸದವಳು. ಗೂಡು ತೊಳೆಯುವುದು, ಮರಳಿನ ತಟ್ಟೆ ಬದಲಿಸುವುದು, ಊಟ ಹಾಕುವುದು, ಡಾಕ್ಟರು ಔಷಧಿ ಕುಡಿಸುವಾಗ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಹಿಡಿಯುವುದು. ವಯಸ್ಸು ಐವತ್ತೆಂಟು. ಎಲ್ಲರಿಗೂ ದೊಡ್ಡಮ್ಮ, ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮ್ಯಾನೇಜರಿಗೆ ಬೆಕ್ಕಿನ ಕೂದಲು ಆಗಿಬರುತ್ತಿರಲಿಲ್ಲ. ಬಾಗಿಲಲ್ಲೇ ನಾಲ್ಕು ಸಲ ಸೀನಿ ಹಿಂದಿರುಗುತ್ತಿದ್ದರು. ಹೀಗಾಗಿ ಯಾವ ಬೆಕ್ಕು ಯಾರ ಮನೆಗೆ ಎನ್ನುವ ತೀರ್ಮಾನ ಮೆಲ್ಲಗೆ ದೊಡ್ಡಮ್ಮನ ಕೈಗೆ ಬಂದಿತ್ತು. ಅಧಿಕಾರ ಸಿಕ್ಕ ಮೇಲೆ ಕೆಲವರು ಗತ್ತು ಕಲಿಯಬೇಕಾಗುತ್ತದೆ. ದೊಡ್ಡಮ್ಮನಿಗೆ ಆ ಕಷ್ಟವಿರಲಿಲ್ಲ, ಗತ್ತು ಹುಟ್ಟಿದಾಗಿನಿಂದಲೇ ಇತ್ತು.

ಏಳನೇ ಗೂಡಿನಲ್ಲಿದ್ದದ್ದು ಪುಕ್ಕಲಿ. ಬೂದು ಬಣ್ಣದ ಹೆಣ್ಣು ಬೆಕ್ಕು. ಬೀಗದಕೈ ಸದ್ದಿಗೆ ಹೆದರುತ್ತಿತ್ತು, ಪ್ಲಾಸ್ಟಿಕ್ ಚೀಲಕ್ಕೆ ಹೆದರುತ್ತಿತ್ತು, ಮ್ಯಾನೇಜರ ಸೀನಿಗಂತೂ ಜೀವವನ್ನೇ ಬಿಡುತ್ತಿತ್ತು. ಬಂದು ಹನ್ನೊಂದು ತಿಂಗಳಾದರೂ ಗೂಡಿನ ಹಿಂಬದಿಯ ರಟ್ಟಿನ ಪೆಟ್ಟಿಗೆ ಬಿಟ್ಟು ಜನರೆದುರು ಹೊರಗೆ ಬಂದಿರಲಿಲ್ಲ. ದೊಡ್ಡಮ್ಮ ಬೆನ್ನು ತಿರುಗಿಸಿ ಕೂತರೆ ಮಾತ್ರ ಬಂದು ತಿನ್ನುತ್ತಿತ್ತು. ಬೇರೆ ಯಾರಾದರೂ ಕೋಣೆಯಲ್ಲಿದ್ದರೆ ಹಸಿವಿನಿಂದ ಒಣಗಿದರೂ ಸರಿ, ಬಟ್ಟಲಿಗೆ ಬಾಯಿ ಹಾಕುತ್ತಿರಲಿಲ್ಲ.

ಮ್ಯಾನೇಜರು ಅದರ ಗೂಡಿಗೆ ಒಂದು ಚೀಟಿ ಅಂಟಿಸಿದ್ದರು: ‘ನಾಚಿಕೆ ಸ್ವಭಾವ. ಭಯ ಜಾಸ್ತಿ. ತಾಳ್ಮೆಯ ಮನೆ ಬೇಕು.’ ಬೆಲ್ಲಕ್ಕೆ ಇರುವೆ ಮುತ್ತುವಂತೆ ಜನ ಆ ಚೀಟಿಗೆ ಮುತ್ತುತ್ತಿದ್ದರು. ಅವರಿಗೆ ಬೆಕ್ಕು ಬೇಕಾಗಿರಲಿಲ್ಲ. ತಾವೆಷ್ಟು ಒಳ್ಳೆಯವರು ಎನ್ನುವುದಕ್ಕೆ ಮನೆಯಲ್ಲಿ ಓಡಾಡುವ ಒಂದು ಸಾಕ್ಷಿ ಬೇಕಾಗಿತ್ತು. ತಲೆ ಓರೆ ಮಾಡಿ, ದನಿ ತೆಳ್ಳಗೆ ಮಾಡಿ, ‘ಅಯ್ಯೋ ಪಾಪ, ನಮಗೆ ತುಂಬಾ ತಾಳ್ಮೆ ಇದೆ’ ಎನ್ನುತ್ತಿದ್ದರು.

‘ಇದ್ರೆ ಒಳ್ಳೇದೇ ಆಯ್ತು’ ಎಂದು ದೊಡ್ಡಮ್ಮ ಗೂಡಿನ ಮುಂದಿನ ಬೆಂಚು ತೋರಿಸುತ್ತಿದ್ದಳು. ‘ಕೂತಿರಿ. ಮ್ಯಾನೇಜರ್ ಬರ್ತಾರೆ.’

ಮ್ಯಾನೇಜರು ಬರುತ್ತಿರಲಿಲ್ಲ. ಅದೇ ಆಕೆಯ ಪರೀಕ್ಷೆ. ಒಂದು ಗಂಟೆ ಸುಮ್ಮನೆ ಕೂತವರಿಗೆ ಪುಕ್ಕಲಿ. ಆಕೆ ಬಟ್ಟಲು ತಿಕ್ಕುತ್ತ ಓರೆಗಣ್ಣಲ್ಲಿ ನೋಡುತ್ತಿದ್ದಳು. ಒಬ್ಬ ಹಲ್ಲಿನ ಡಾಕ್ಟರು ಆರನೇ ನಿಮಿಷಕ್ಕೆ ಕಾರಿನ ಕೀಲಿಯಿಂದ ಗೂಡಿನ ಸರಳು ಬಡಿದರು. ಹೊಸದಾಗಿ ಮದುವೆಯಾದ ಜೋಡಿಯೊಂದು ಬೆಕ್ಕಿಗೆ ಏನು ಹೆಸರಿಡುವುದೆಂದು ಜಗಳ ತೆಗೆದು, ಮಾತು ಅತ್ತೆಯವರೆಗೆ ಹೋಗಿ, ಬೇರೆ ಬೇರೆ ಆಟೋದಲ್ಲಿ ಮನೆಗೆ ಹೋಯಿತು. ಒಬ್ಬರು ಧ್ಯಾನ ಹೇಳಿಕೊಡುವ ಮೇಷ್ಟ್ರು ಬಂದಿದ್ದರು. ಬಿಳಿ ಬಟ್ಟೆ, ಮೆಲುದನಿ, ಮುಖದ ತುಂಬ ಶಾಂತಿ. ಹದಿನೇಳನೇ ನಿಮಿಷಕ್ಕೆ ಎದ್ದು, ‘ಇಲ್ಲಿ ಕೇಳೋರು ಹೇಳೋರು ಯಾರೂ ಇಲ್ವಾ?’ ಎಂದು ಕೂಗಿದರು. ಆ ದಿನ ದೊಡ್ಡಮ್ಮನಿಗೆ ಊಟ ರುಚಿಸಿತು.

ಸೋಮವಾರ ಮ್ಯಾನೇಜರು ಬಾಗಿಲಾಚೆಯಿಂದ ಕರೆದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು.

‘ದೊಡ್ಡಮ್ಮಾ, ಶನಿವಾರ ಈ ಕೋಣೆ ಖಾಲಿ ಮಾಡ್ಬೇಕು. ಚಾವಣಿ ರಿಪೇರಿ. ಉಳಿದ ಬೆಕ್ಕುಗಳನ್ನ ನಾಯಿಗಳ ಶೆಡ್ಡಿನ ಪಕ್ಕಕ್ಕೆ ಹಾಕ್ತೀವಿ.’

ದೊಡ್ಡಮ್ಮ ಏಳನೇ ಗೂಡಿನ ಕಡೆ ತಿರುಗಿದಳು. ಮೂರು ತಿಂಗಳ ಹಿಂದೆ ನೀರಿನ ಪೈಪು ಒಡೆದಾಗ ಪುಕ್ಕಲಿಯನ್ನು ಒಂದು ವಾರ ಅಲ್ಲಿಟ್ಟಿದ್ದರು. ಆ ಬೊಗಳಾಟದಲ್ಲಿ ಅದು ದೊಡ್ಡಮ್ಮನ ಮುಂದೆಯೂ ತಿನ್ನಲಿಲ್ಲ. ಆರನೇ ದಿನ ಡಾಕ್ಟರು ಕಾಲಿಗೆ ಡ್ರಿಪ್ ಹಾಕಿ, ‘ಇನ್ನೊಂದು ಸಲ ಹೀಗಾದ್ರೆ ಇದು ಉಳಿಯಲ್ಲ’ ಎಂದಿದ್ದರು.

‘ಬಂದವರನ್ನೆಲ್ಲ ಓಡಿಸ್ತೀರಿ. ನೀವೇ ಮನೆಗೆ ತಗೊಂಡು ಹೋಗ್ಬಾರ್ದಾ?’ ಎಂದರು ಮ್ಯಾನೇಜರು.

‘ನಮ್ಮನೇಲಿ ನಂಗೇ ಒಂದು ಮೂಲೆ ಸಿಕ್ಕಿಲ್ಲ, ಇದಕ್ಕೆ ಎಲ್ಲಿಂದ ತರ್ಲಿ?’ ಎಂದಳು ದೊಡ್ಡಮ್ಮ.

ಅದು ಸುಳ್ಳಲ್ಲ. ಮಗನ ಮನೆ ಎರಡು ಕೋಣೆಯದು. ಸೊಸೆಯ ಮೂರು ಹೊಲಿಗೆ ಮೆಷಿನ್ನು ಬೆಳಗಿನಿಂದ ಸಂಜೆವರೆಗೆ ಗಡಗಡ ಎನ್ನುತ್ತಿದ್ದವು. ಅವು ನಿಂತ ಮೇಲೆ ಮೊಮ್ಮಕ್ಕಳು ಶುರುವಾಗುತ್ತಿದ್ದರು.

ಬುಧವಾರ ಹನ್ನೆರಡೂವರೆಗೆ ಒಬ್ಬ ಗಂಡಸು ಬಂದ. ನಲವತ್ತೈದರ ಆಸುಪಾಸು, ಸವೆದ ಚಪ್ಪಲಿ, ಇಸ್ತ್ರಿ ಕಾಣದ ಅಂಗಿ. ‘ಏಳನೇ ಗೂಡಿನ ಬೆಕ್ಕಿಗೆ ಬಂದಿದೀನಿ’ ಎಂದ. ಚೀಟಿ ಓದಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ಬೆಂಚು ತೋರಿಸಿದರೆ ಹೋಗಿ ಕೂತ. ಎರಡು ಕೈ ಮೊಣಕಾಲಿನ ಮೇಲೆ, ಕಣ್ಣು ಎದುರಿನ ಗೋಡೆಯ ಮೇಲೆ.

ಕಾಲು ಗಂಟೆ ಆಯಿತು. ‘ಈಗ ಎದ್ದಾನು’ ಎಂದುಕೊಂಡಳು ದೊಡ್ಡಮ್ಮ. ಒಂದು ಗಂಟೆ ಕಳೆಯಿತು. ಕೊಟ್ಟ ಮಾತಿನಂತೆ ಪರೀಕ್ಷೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಮಾತನ್ನು ಆಕೆ ಕೊಟ್ಟಿದ್ದು ತನಗೇ ತಾನೆ.

‘ಮ್ಯಾನೇಜರ್ ಇನ್ನೂ ಬಂದಿಲ್ಲ’ ಎಂದಳು.

‘ಆಗ್ಲಿ’ ಎಂದ ಆತ.

ಎರಡು ಗಂಟೆ ಕಳೆದರೂ ಅದೇ ‘ಆಗ್ಲಿ’. ಮಧ್ಯಾಹ್ನ ಮೂರಕ್ಕೆ ಬೆಕ್ಕುಗಳ ಊಟದ ಹೊತ್ತು. ದೊಡ್ಡಮ್ಮ ಪುಕ್ಕಲಿಯ ಬಟ್ಟಲಿಟ್ಟು, ಹೇಗೂ ತಿನ್ನುವುದಿಲ್ಲ ಎಂದು ನೀರು ತರಲು ಹೋದಳು. ಬಕೆಟ್ಟು ಹಿಡಿದು ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಪುಕ್ಕಲಿ ಪೆಟ್ಟಿಗೆಯಿಂದ ಹೊರಬಂದು, ಆ ಗಂಡಸಿನಿಂದ ಮೂರಡಿ ದೂರದಲ್ಲಿ ಕೂತು, ಚಪ್ಪರಿಸಿಕೊಂಡು ತಿನ್ನುತ್ತಿತ್ತು. ಆತ ಗೋಡೆ ನೋಡುತ್ತಿದ್ದ.

ಸಂತೋಷವಾಗಬೇಕಿತ್ತು. ಹನ್ನೊಂದು ತಿಂಗಳು ಕಾದದ್ದು ಇದಕ್ಕೇ ಅಲ್ಲವೆ? ಆದರೆ ದೊಡ್ಡಮ್ಮ ಬಕೆಟ್ಟನ್ನು ಬೇಕೆಂದೇ ಸದ್ದು ಮಾಡಿ ಕೆಳಗಿಟ್ಟಳು. ಪುಕ್ಕಲಿ ಪೆಟ್ಟಿಗೆಯೊಳಗೆ ಮಾಯವಾಯಿತು.

ಆಮೇಲೆ ತನಗೇ ನಾಚಿಕೆಯಾಗಿ ದತ್ತು ಫಾರ್ಮು ತಂದು ಕೊಟ್ಟಳು. ಆತ ಜೇಬಿನಿಂದ ಒಂದು ಕಾಗದ ತೆಗೆದು, ನೋಡಿಕೊಂಡು, ಒಬ್ಬ ಹೆಂಗಸಿನ ಹೆಸರು ಬರೆಯತೊಡಗಿದ.

‘ಇದ್ಯಾರು? ನಿಮ್ಮ ಹೆಂಡ್ತಿನಾ?’

‘ಅಲ್ಲಮ್ಮಾ. ವಕೀಲರಮ್ಮ ಒಬ್ರು. ಹೋದ ವಾರ ಬಂದಿದ್ರಂತೆ, ಹನ್ನೆರಡು ನಿಮಿಷಕ್ಕೆ ಫೋನ್ ಬಂತಂತೆ, ಎದ್ದು ಹೋದ್ರಂತೆ. ಇಲ್ಲಿ ಕಾಯ್ಬೇಕು ಅಂತ ಗೊತ್ತಾಯ್ತು, ನನ್ನ ಕಳಿಸಿದ್ರು. ನನ್ನ ಕಸುಬೇ ಅದು. ದೊಡ್ಡಾಸ್ಪತ್ರೆ ಟೋಕನ್ನು, ಆಫೀಸು, ಎಲ್ಲಾ ಕಡೆ ಜನರ ಬದಲಿಗೆ ಸಾಲಲ್ಲಿ ನಿಂತ್ಕೊಳ್ಳೋದು.’

ದೊಡ್ಡಮ್ಮ ಕೆಂಡವಾದಳು. ಅಡುಗೆಗೆ ಆಳು, ಬಟ್ಟೆಗೆ ಆಳು, ಈಗ ತಾಳ್ಮೆಗೂ ಆಳು!

‘ಆಳು ಮಾಡಿದ್ದು ಹಾಳು ಅಂತ ಸುಮ್ನೆ ಹೇಳಿಲ್ಲ! ನಾಳೆ ಬೆಕ್ಕು ಮಂಚದಡಿ ಸೇರ್ಕೊಂಡ್ರೆ ಅದ್ರ ಮುಂದೆ ಕೂರೋಕೂ ನಿನ್ನನ್ನೇ ಕರೆಸ್ತಾಳಾ ಅವಳು? ಏಳು, ಹೊರಡು!’ ಎಂದು ಫಾರ್ಮು ಕಸಿದು ಹರಿದು ಹಾಕಿದಳು.

ಆತ ನಿಧಾನವಾಗಿ ಎದ್ದ. ಸಿಟ್ಟೇನೂ ಕಾಣಲಿಲ್ಲ.

‘ಒಂದು ಮಾತು ಹೇಳ್ತೀನಮ್ಮಾ. ಇಪ್ಪತ್ತು ವರ್ಷದಿಂದ ಕಿಟಕಿ ಮುಂದೆ ನಿಂತಿದೀನಿ. ನಿಧಾನ ಕೆಲಸ ಮಾಡೋ ಕಿಟಕಿ ಯಾವ್ದು, ತೆಗೆಯೋ ಮನಸ್ಸೇ ಇಲ್ಲದ ಕಿಟಕಿ ಯಾವ್ದು ಅಂತ ಅರ್ಧ ಗಂಟೇಲಿ ಗೊತ್ತಾಗುತ್ತೆ. ಇದು ತೆಗೆಯೋ ಕಿಟಕಿ ಅಲ್ಲ. ನಾಳೆ ದೇವ್ರೇ ಬಂದು ಕೂತ್ರೂ ನೀವು ಈ ಬೆಕ್ಕನ್ನ ಕೊಡಲ್ಲ.’

‘ಹೋಗಯ್ಯಾ, ಕಂಡಿದೀನಿ!’ ಎಂದು ದೊಡ್ಡಮ್ಮ ಬಾಗಿಲು ಹಾಕಿಕೊಂಡಳು.

ಬಾಗಿಲು ಹಾಕಿದರೆ ಮಾತು ಹೊರಗುಳಿಯುತ್ತದೆಯೆ? ಇಡೀ ಗುರುವಾರ ಅದು ಆಕೆಯ ಕಿವಿಯಲ್ಲಿ ಕೂತಿತ್ತು. ಉಳಿದ ಐದು ಬೆಕ್ಕುಗಳಿಗೆ ಹಿಂದುಮುಂದು ನೋಡದೆ ಮನೆ ಹುಡುಕಿ ಕಳಿಸಿದಳು. ಹಲ್ಲಿನ ಡಾಕ್ಟರಿಗೂ ಫೋನು ಮಾಡಿಸಿ ಒಂದು ಕೊಟ್ಟಳು. ಅವಕ್ಕೆ ಬೆಂಚೂ ಇಲ್ಲ, ಪರೀಕ್ಷೆಯೂ ಇಲ್ಲ. ಐದನೆಯದು ಹೋದ ಮೇಲೆ ಬರಿಗೂಡುಗಳ ನಡುವೆ ಕೂತಾಗ, ತನ್ನ ಬಗ್ಗೆಯೇ ಆಕೆಗೆ ಹೇಸಿಗೆಯಾಯಿತು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಹನ್ನೊಂದು ತಿಂಗಳು ಆಕೆ ನಡೆಸಿದ್ದು ಆತ ಹೇಳಿದ್ದನ್ನೇ. ಮನೆಯಲ್ಲಿ ಆಕೆ ಉಂಡರೂ ಬಿಟ್ಟರೂ ಕೇಳುವವರಿಲ್ಲ. ಆಕೆ ಇಲ್ಲದಿದ್ದರೆ ಊಟ ಮುಟ್ಟದ ಜೀವ ಲೋಕದಲ್ಲಿ ಒಂದೇ ಒಂದಿತ್ತು. ಆ ಒಂದನ್ನು ಕಳೆದುಕೊಳ್ಳಲಾರದೆ ಬಂದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ, ಕೆಡವಿ, ಮೇಲಿಂದ ನಕ್ಕಿದ್ದಳು. ಹಲ್ಲಿನ ಡಾಕ್ಟರೇ ವಾಸಿ. ಅವರು ಬಡಿದದ್ದು ಸರಳನ್ನು ಮಾತ್ರ.

ಶುಕ್ರವಾರ ಬೆಳಗ್ಗೆ ಆತನನ್ನು ಹುಡುಕಿಕೊಂಡು ದೊಡ್ಡಾಸ್ಪತ್ರೆಯ ಟೋಕನ್ ಕಿಟಕಿಗೆ ಹೋದಳು. ಆತ ಸಾಲಿನ ನಡುವೆ ನಿಂತಿದ್ದ. ದೊಡ್ಡಮ್ಮ ನೇರ ಹತ್ತಿರ ಹೋಗುವಷ್ಟರಲ್ಲಿ ಹಿಂದಿನವರೆಲ್ಲ ‘ಏಯ್, ಸಾಲು, ಸಾಲು!’ ಎಂದು ಮುಗಿಬಿದ್ದರು.

‘ಜಾಗ ಬಿಟ್ಟು ಬರೋಕಾಗಲ್ಲಮ್ಮಾ. ಮುಗಿಯೋವರೆಗೆ ಇರಿ’ ಎಂದ ಆತ.

ದೊಡ್ಡಮ್ಮ ಕಂಬದ ಪಕ್ಕ ನಿಂತಳು. ಕಿಟಕಿಯೊಳಗಿನ ಗುಮಾಸ್ತ ಬರೆಯುವ ರೀತಿಗೆ ಬೈದಳು. ಒಬ್ಬಳು ಮುದುಕಿ ಚೀಲದಲ್ಲಿ ಕಾಗದ ಹುಡುಕುತ್ತಿದ್ದುದಕ್ಕೆ ಬೈದಳು. ಕೂತಳು, ಎದ್ದಳು, ಬಾಲ ಸುಟ್ಟ ಬೆಕ್ಕಿನ ಹಾಗೆ ಆ ಕಡೆ ಈ ಕಡೆ ಅಲೆದಳು. ಯುಗ ಕಳೆಯಿತೆಂದು ಗೋಡೆಯ ಗಡಿಯಾರ ನೋಡಿದರೆ ಹತ್ತು ನಿಮಿಷ. ಥೂ, ಆ ವಕೀಲರಮ್ಮನಿಗಿಂತ ಕಡೆ!

ಆತ ಬಂದಾಗ ಮುಕ್ಕಾಲು ಗಂಟೆಯಾಗಿತ್ತು. ಬೇಡಿಕೊಂಡು ಅಭ್ಯಾಸವಿರಲಿಲ್ಲವಾದ್ದರಿಂದ ದೊಡ್ಡಮ್ಮ ಬೈಯುವ ದನಿಯಲ್ಲೇ ಕೇಳಿದಳು: ‘ಆ ನಿಮ್ಮ ವಕೀಲರಮ್ಮಂಗೆ ಹೇಳಿ, ಬೆಕ್ಕು ಕೊಡ್ತೀನಿ ಅಂತ.’

‘ಅವ್ರು ನಿನ್ನೆನೇ ನಾಯಿಮರಿ ತಂದ್ಬಿಟ್ರು.’

ದೊಡ್ಡಮ್ಮನ ಬಾಯಲ್ಲಿ ಆ ವಕೀಲರಮ್ಮನ ವಂಶಕ್ಕೆಲ್ಲ ಸಾಲುವಷ್ಟು ಮಾತಿತ್ತು. ಎಲ್ಲವನ್ನೂ ನುಂಗಿದಳು.

‘ನೀವಾದ್ರೂ ಇಟ್ಕೊಳ್ತೀರಾ? ನಾಳೆ ಅದನ್ನ ನಾಯಿಗಳ ಪಕ್ಕ ಹಾಕ್ತಾರೆ. ಅಲ್ಲಿ ಅದು ಉಳಿಯಲ್ಲ. ನಿಮ್ಮ ಮುಂದೆ ಅದು ತಿಂದಿದೆ. ನಾನು ನೋಡ್ದೆ.’

ಆತ ಯೋಚಿಸಿದ. ಅದಕ್ಕೂ ಅವಸರ ಮಾಡಲಿಲ್ಲ.

‘ನಂದು ಒಂದೇ ಕೋಣೆ, ಒಬ್ನೇ ಇರೋದು. ದಿನವಿಡೀ ಜನರ ಬೆನ್ನು ನೋಡಿ ಸಾಕಾಗಿರುತ್ತೆ. ಮನೆಗೆ ಹೋದ್ಮೇಲೆ ಯಾರನ್ನೂ ಮಾತಾಡ್ಸೋಕೆ ಮನಸ್ಸಾಗಲ್ಲ. ಅದು ಬೇಜಾರು ಮಾಡ್ಕೊಳ್ಳಲ್ಲ ತಾನೆ?’

‘ಅದಕ್ಕೆ ಬೇಕಾಗಿರೋದೂ ಅದೇ’ ಎಂದಳು ದೊಡ್ಡಮ್ಮ.

ಶನಿವಾರ ಬೆಳಗ್ಗೆ ಪುಕ್ಕಲಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಆತನ ಕೋಣೆಗೆ ಹೋದಳು. ಮೂರನೇ ಮಹಡಿ. ಒಂದು ಮಂಚ, ಒಂದು ಕುರ್ಚಿ, ಮೊಳೆಗೆ ನೇತುಹಾಕಿದ ಎರಡು ಅಂಗಿ. ದೊಡ್ಡಮ್ಮ ಮೂಗು ಮುರಿದಳು. ಗುಡಿಸಿ ಎಷ್ಟು ದಿನವಾಯಿತೆಂದು ಕೇಳಿದಳು, ಕಿಟಕಿಯ ಚಿಲಕ ಎಳೆದು ನೋಡಿದಳು, ಮರಳಿನ ತಟ್ಟೆ ಇಡಬೇಕಾದ ಜಾಗ ಮೂರು ಸಲ ಬದಲಿಸಿದಳು. ಬುಟ್ಟಿ ತೆರೆದೊಡನೆ ಪುಕ್ಕಲಿ ಮಂಚದಡಿಯ ಕೊನೆಯ ಮೂಲೆ ಸೇರಿತು. ದೊಡ್ಡಮ್ಮ ಬಟ್ಟಲಿಗೆ ಬೇಯಿಸಿದ ಮೀನು ಹಾಕಿ, ಮಂಚಕ್ಕೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂತಳು. ಆತ ಕುರ್ಚಿಯ ಮೇಲೆ ಕೂತು ಗೋಡೆ ನೋಡುತ್ತಿದ್ದ.

ಅರ್ಧ ಗಂಟೆಯಾದರೂ ಮಂಚದಡಿ ಅಲುಗಾಟವಿಲ್ಲ.

‘ನಾನಿದ್ರೆ ತಿನ್ನುತ್ತೆ. ಸ್ವಲ್ಪ ಹೊತ್ತು ನೋಡೋಣ’ ಎಂದಳು.

ಆತ ಕೂತಲ್ಲಿಂದಲೇ ಹೇಳಿದ: ‘ನೀವು ಇರೋವರೆಗೆ ಅದು ಬರಲ್ಲಮ್ಮಾ. ಮತ್ತೆ ಬುಟ್ಟಿಗೆ ಹಾಕ್ತೀರಿ ಅಂತ ನಿಮ್ಮನ್ನ ಕಂಡೇ ಹೆದರ್ಕೊಂಡಿದೆ. ನೀವು ಹೊರಡಿ.’

ಯಾರಿಗೂ ಸೋಲದ ದೊಡ್ಡಮ್ಮ ಮೊಣಕಾಲು ಹಿಡಿದು ಎದ್ದಳು. ಮಂಚದಡಿ ಬಗ್ಗಿ ನೋಡಬೇಕೆನಿಸಿತು, ನೋಡಲಿಲ್ಲ. ಹೊರಗೆ ಬಂದು ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಮೆಟ್ಟಿಲ ಮೇಲೆ ನಿಂತಳು. ಕಾಲು ನೋಯುತ್ತಿತ್ತು, ಆದರೂ ಕದಲಲಿಲ್ಲ. ಕೆಳಗಿನಿಂದ ಯಾರೋ ಹತ್ತಿ ಬಂದು, ಆಕೆಯನ್ನು ವಿಚಿತ್ರವಾಗಿ ನೋಡಿ, ಪಕ್ಕಕ್ಕೆ ಸರಿದು ಹೋದರು.

ಬಹಳ ಹೊತ್ತಿನ ಮೇಲೆ ಒಳಗೆ ಬಟ್ಟಲು ನೆಲಕ್ಕೆ ಉಜ್ಜಿದ ಸದ್ದಾಯಿತು. ಆಮೇಲೆ ಚಪ್ಪರಿಸುವ ಸದ್ದು. ನಿಲ್ಲಿಸದೆ ತಿನ್ನುತ್ತಿತ್ತು, ಹಸಿದಿತ್ತು ಪಾಪ.

‘ಥೂ, ದ್ರೋಹಿ’ ಎಂದಳು ದೊಡ್ಡಮ್ಮ, ಒಳಗೆ ಕೇಳಿಸದಷ್ಟು ಮೆಲ್ಲಗೆ. ಸೆರಗಿನಿಂದ ಕಣ್ಣೊರೆಸಿಕೊಂಡು, ಬಟ್ಟಲು ಖಾಲಿಯಾಗುವವರೆಗೆ ಅಲ್ಲೇ ನಿಂತಿದ್ದಳು.