ಕಂಬಳಿ ಹೊದ್ದ ಬಾಗಿಲು

ಸುಟ್ಟ ಉಣ್ಣೆಯ ವಾಸನೆ ಮೂಗಿಗೆ ಬಡಿದಾಗ ಕಾಂಚೊರೊ ಇನ್ನೂ ಕಣಿವೆಯ ಬಾಯಿ ದಾಟಿರಲಿಲ್ಲ. ಎಳೆಯುತ್ತಿದ್ದ ಸೌದೆಯ ಜಾರುಬಂಡಿಯ ಹಗ್ಗವನ್ನು ಅಲ್ಲೇ ಬಿಟ್ಟ. ಮರ ಸುಟ್ಟರೆ ಈ ವಾಸನೆ ಬರುವುದಿಲ್ಲ, ಕಲ್ಲಿದ್ದಲು ಸುಟ್ಟರೂ ಬರುವುದಿಲ್ಲ. ಹಿಮದ ಮೇಲೆ ವ್ಯಾನಿನ ಗಾಲಿಗಳ ಹೊಸ ಗುರುತಿತ್ತು. ಕಣಿವೆಯ ಬದಿಯ ಗುಹೆಯ ತನಕ ಹೋಗಿ, ಅಲ್ಲಿಂದ ತಿರುಗಿ, ನೆಟ್ಟಗೆ ಊರಿನ ಕಡೆ ಹೋಗಿತ್ತು. ಸೊಂಟದ ಕೊಡಲಿ ಕಿತ್ತುಕೊಂಡು ಓಡಿದ.

ಊರೆಂದರೆ ನಾಲ್ಕು ಕಟ್ಟಡ. ಸೋವಿಯತ್ ಕಾಲದಲ್ಲಿ ತವರದ ಗಣಿಯವರಿಗೆಂದು ಕಟ್ಟಿದ್ದು. ಗಣಿ ಮುಚ್ಚಿದ ಮೇಲೆ ಜನ ಕಿಟಕಿಗಳನ್ನೂ ಕೊಳವೆಗಳನ್ನೂ ಕಿತ್ತು ಮಾರಿ ಬೆಟ್ಟ ಇಳಿದರು. ಈಗ ಹೊಗೆ ಏಳುವುದು ಒಂದೇ ಒಲೆಯಿಂದ: ಮೊದಲ ಕಟ್ಟಡದ ಎರಡನೇ ಅಂತಸ್ತು, ಕಾಂಚೊರೊ ಮತ್ತು ಅವನ ತಾಯಿ ಬುರುಲ್. ಹಳೆಯ ಸಿನಿಮಾ ಮಂದಿರದಲ್ಲಿ ಅವರ ಹದಿನಾರು ಮೇಕೆಗಳು. ಮಾಘದ ಚಳಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಕ್ಕೆ ಇಳಿದರೂ ಅವರ ಮನೆಯ ಗೋಡೆಗೆ ಮಂಜು ಕಟ್ಟುತ್ತಿರಲಿಲ್ಲ. ಸತ್ತ ಅಪ್ಪ ಬಾಗಿಲಿಗೆ ಒಳಗೂ ಹೊರಗೂ ನಾಲ್ಕು ಪದರ ಕಂಬಳಿ ಹೊದಿಸಿ ಮೊಳೆ ಹೊಡೆದಿದ್ದ. ಆ ಬಾಗಿಲಿಗೆ ಬೀಗವಿರಲಿಲ್ಲ. ಗಾಳಿ ತಡೆಯುವುದಷ್ಟೇ ಅದರ ಕೆಲಸ.

ಕಟ್ಟಡದ ಕೆಳಗಿನ ಪಡಸಾಲೆಯಲ್ಲಿ ಬೆಂಕಿ ಉರಿಯುತ್ತಿತ್ತು. ಸುತ್ತ ಮೂವರು ಪಟ್ಟಣದ ಪ್ರವಾಸಿಗಳು, ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಒಬ್ಬರ ಫೋಟೊ ಒಬ್ಬರು ತೆಗೆಯುತ್ತಿದ್ದರು. ಕೆಟಲ್ ಹಿಡಿದು ಚಹಾ ಬಗ್ಗಿಸುತ್ತಿದ್ದವನು ವ್ಯಾನಿನ ಓರ್ಮೋನ್. ಇದೇ ಕಟ್ಟಡದ ನಾಲ್ಕನೇ ಅಂತಸ್ತಿನಲ್ಲಿ ಹುಟ್ಟಿದವನು. ಈಗ ಕೆಳಗಿನ ಪಟ್ಟಣದಲ್ಲಿ, "ಕಣಿವೆ, ಗುಹೆ, ಸತ್ತ ಊರು, ಒಂದೇ ದಿನದಲ್ಲಿ" ಎಂದು ಬೋರ್ಡು ಹಾಕಿಕೊಂಡಿದ್ದ. ಬೆಂಕಿಯಲ್ಲಿ ಬಾಗಿಲೊಂದು ಅಡ್ಡ ಮಲಗಿತ್ತು. ಅರ್ಧ ಹೋಗಿತ್ತು. ಉಳಿದರ್ಧದಲ್ಲಿ ಕಂಬಳಿ ಸುರುಟಿ ಕಪ್ಪಾಗುತ್ತಿತ್ತು, ಮೊಳೆಗಳು ಕೆಂಪಗೆ ಹೊಳೆಯುತ್ತಿದ್ದವು.

"ಓ, ಕಾಂಚೊರೊ! ಬಾರೋ, ಮೈ ಕಾಯಿಸ್ಕೊ," ಎಂದ ಓರ್ಮೋನ್, ಬೇಕಿದ್ದಕ್ಕಿಂತ ಜೋರಾಗಿ.

"ಯಾರ ಬಾಗಿಲು ಅದು?"

"ಯಾವ್ದೋ ಒಂದು. ಇಲ್ಲಿ ಬಾಗಿಲಿಗೇನು ಬರವಾ?"

"ಯಾವ್ದು ಅಂತ ಕೇಳಲಿಲ್ಲ. ಯಾರದು ಅಂತ ಕೇಳ್ದೆ."

ಓರ್ಮೋನ್ ಅವನ ತೋಳು ಹಿಡಿದು ಗೋಡೆಯ ಕಡೆ ಎಳೆದ. "ಮೆತ್ತಗೆ ಮಾತಾಡೋ. ಆ ಕಡೆ ಮೆಟ್ಟಿಲು ಹತ್ತಿ ಯಾವ್ದಾದ್ರೂ ಕಿತ್ಕೊಳ್ಳಿ ಅಂದಿದ್ದೆ. ಈ ಪೆದ್ದರು ಈ ಕಡೆ ಹತ್ತಿದ್ರು. ಮೇಲೆ ಕತ್ತಲು, ಬಾಗಿಲ ಹತ್ರ ಉರುವಲಿನ ಸಗಣಿ ಚೀಲ ನೋಡಿ ಗೋದಾಮು ಅಂದ್ಕೊಂಡ್ರು."

"ಹೊತ್ಕೊಂಡು ಬಂದಾಗ ನೀನೆಲ್ಲಿದ್ದೆ?"

"ಇಲ್ಲೇ."

"ಕಂಬಳಿ ನೋಡ್ಲಿಲ್ವಾ?"

ಓರ್ಮೋನ್ ಬೆಂಕಿಯ ಕಡೆ ಮುಖ ತಿರುಗಿಸಿದ. "ನೋಡ್ದೆ ಕಣೋ. ಏನಂತ ಹೇಳ್ಲಿ? ಸತ್ತ ಊರು ಅಂತ ಕರ್ಕೊಂಡು ಬಂದಿದೀನಿ. ಬದುಕಿರೋರನ್ನ ನೋಡೋಕೆ ಇಷ್ಟು ದೂರ ಯಾವನು ಬರ್ತಾನೆ?"

"ಸುಗ್ಗೀಲಿ ನಮ್ಮನೇಲಿ ಮೂರು ದಿನ ತಿಂದೆ ನೀನು."

"ತಿಂದೆ. ಇಲ್ಲ ಅಂದ್ನಾ?"

"ಉಂಡ ಮನೆ ಜಂತೆ ಎಣಿಸೋರನ್ನ ಕೇಳಿದ್ದೆ. ಬಾಗಿಲು ಸುಡೋನನ್ನ ಇವತ್ತೇ ನೋಡಿದ್ದು ಕಣೋ, ನಾಯಿ."

ಕಾಂಚೊರೊ ಕೊಡಲಿಯನ್ನು ಹೊರಗಿನ ಹಿಮಕ್ಕೆ ಎಸೆದ. ಕೈಯಲ್ಲಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಮೊದಲ ಗುದ್ದಿಗೇ ಓರ್ಮೋನನ ಮೂಗು ಒಡೆಯಿತು. ಓರ್ಮೋನ್ ಕೆಟಲ್ ಬೀಸಿದ. ಕುದಿವ ಚಹಾ ಕಾಂಚೊರೊನ ಕೈ ಮೇಲೆ ಬಿತ್ತು, ಚರ್ಮ ಬೆಳ್ಳಗೆ ಎದ್ದಿತು. ಅವನಿಗೆ ಅದು ತಿಳಿಯಲೇ ಇಲ್ಲ. ಹಳದಿ ಟೋಪಿಯ ಪ್ರವಾಸಿ ನಡುವೆ ಬಂದ. ಎದೆಗೆ ಒದೆ ತಿಂದು ಗೋಡೆಗೆ ಅಂಟಿ ಕೂತ. ಹೆಂಗಸು ಕಿರುಚತೊಡಗಿದಳು. ಕಾಂಚೊರೊ ಓರ್ಮೋನನ ಕುತ್ತಿಗೆ ಹಿಡಿದು ಬಗ್ಗಿಸಿದ, ಕೆಂಡದ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ. ಹಣೆಯ ಮೇಲಿನ ಕೂದಲು ಹೊತ್ತಿಕೊಂಡಿತು. ಮತ್ತೆ ಅದೇ ವಾಸನೆ.

ಓರ್ಮೋನ್ ಅವನ ಮಣಿಕಟ್ಟು ಕಚ್ಚಿ ಬಿಡಿಸಿಕೊಂಡ. ಹೊರಗೆ ಓಡಬಹುದಿತ್ತು, ವ್ಯಾನು ಎದುರಿಗೇ ಇತ್ತು. ಅವನು ಮೆಟ್ಟಿಲು ಹತ್ತಿದ. ಆ ನೆಲದಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ: ಹೊಸಿಲು ದಾಟಿ ರೊಟ್ಟಿ ಬಾಯಿಗಿಟ್ಟವನ ಮೇಲೆ ಆ ಸೂರಿನಡಿ ಯಾರೂ ಕೈ ಎತ್ತುವಂತಿಲ್ಲ, ಅವನು ಕೊಲೆಗಾರನಾದರೂ.

ಬುರುಲ್ ಮೇಕೆ ಕರೆದು ಹಿಂದಿನ ದಾರಿಯಿಂದ ಆಗಷ್ಟೇ ಬಂದಿದ್ದಳು. ಹಾಲಿನ ಪಾತ್ರೆ ಹಿಡಿದು, ಬಾಗಿಲಿಲ್ಲದ ಬಾಗಿಲಲ್ಲಿ ನಿಂತಿದ್ದಳು. ಗಾಳಿ ಅವಳ ಪಕ್ಕದಲ್ಲೇ ಒಳಗೆ ನುಗ್ಗಿ ಒಲೆಯ ಬೂದಿ ಎಬ್ಬಿಸುತ್ತಿತ್ತು.

"ಚಿಕ್ಕವ್ವಾ, ರೊಟ್ಟಿ!" ಓರ್ಮೋನ್ ಹೊಸಿಲ ಮೇಲೆ ಬಿದ್ದ. "ರೊಟ್ಟಿ ಕೊಡು, ಚಿಕ್ಕವ್ವಾ, ಕೊಂದ್ಬಿಡ್ತಾನೆ!"

ಅವಳು ಪಾತ್ರೆ ಕೆಳಗಿಟ್ಟು, ಸೊಂಟದ ಬಟ್ಟೆಗಂಟು ಬಿಚ್ಚಿ, ಬೆಳಿಗ್ಗೆ ಸುಟ್ಟ ದುಂಡು ರೊಟ್ಟಿಯನ್ನು ಚಾಚಿದಳು. ರಕ್ತದ ಕೈ ಅದರ ಅಂಚು ಹಿಡಿಯಿತು.

"ಕೊಡ್ಬೇಡ ಅವ್ವಾ. ಇದು ಮನೆ ಅಲ್ಲ." ಕಾಂಚೊರೊ ಮೇಲೆ ಬಂದಿದ್ದ.

"ಹೊಸಿಲ ಮೇಲಿದಾನೆ ಮಗಾ."

"ಎಲ್ಲಿದೆ ಹೊಸಿಲು? ಬಾಗಿಲಿದ್ರೆ ಹೊಸಿಲು. ಬಾಗಿಲಿಲ್ದೇ ಇದ್ರೆ ಗುಹೆ. ಇವನೇ ಮಾಡಿದ್ದು. ಗುಹೇಲಿ ಯಾವನೂ ನೆಂಟ ಅಲ್ಲ!"

ಆ ಕೈಯನ್ನು ಬೂಟಿನಲ್ಲಿ ತುಳಿದ. ಒಣ ಕಡ್ಡಿ ಮುರಿದಂತೆ ಸದ್ದಾಯಿತು, ಎರಡು ಸಲ. ರೊಟ್ಟಿ ಜಾರಿ, ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿ, ಒಡೆದು ಚದುರಿತು. ಓರ್ಮೋನ್ ಅರಚುತ್ತಿದ್ದ. ಬುರುಲ್ ಅವನನ್ನೂ ನೋಡಲಿಲ್ಲ, ಮಗನನ್ನೂ ನೋಡಲಿಲ್ಲ. ಮೆಟ್ಟಿಲು ಇಳಿದು, ಬಗ್ಗಿ ಬಗ್ಗಿ, ಒಂದೊಂದೇ ಚೂರು ಹೆಕ್ಕಿದಳು. ಪ್ರತಿ ಚೂರನ್ನೂ ಹಣೆಗೊತ್ತಿ ಮಡಿಲಿಗೆ ಹಾಕಿಕೊಂಡಳು.

ಕಾಂಚೊರೊ ಅವಳನ್ನು ದಾಟಿ ಕೆಳಗಿಳಿದ. ಹಿಮದಿಂದ ಕೊಡಲಿ ಎತ್ತಿಕೊಂಡು ನೇರ ವ್ಯಾನಿಗೆ ಹೋದ. ಪ್ರವಾಸಿಗಳು ಒಳಗೆ ಸೇರಿದ್ದರು. ಪಕ್ಕದ ಬಾಗಿಲಿನ ಕೀಲುಗಳಿಗೆ ಮೊದಲ ಏಟು ಬಿದ್ದಾಗ ಆ ಬದಿಯಿಂದ ಈ ಬದಿಗೆ ಒಬ್ಬರ ಮೇಲೊಬ್ಬರು ಬಿದ್ದರು.

"ಅರವತ್ತು ಕಿಲೋಮೀಟರ್ ಕಣಿವೆ ಇದೆ, ನಾವು ಸೆಟೆದು ಸಾಯ್ತೀವಿ!" ಎಂದ ಹಳದಿ ಟೋಪಿಯವನು.

"ನಮ್ಮವ್ವನೂ ಸೆಟೀತಾಳೆ. ಇವತ್ತೇ. ಫೋಟೊ ತೆಗೀತೀಯಾ?"

ಏಳನೇ ಏಟಿಗೆ ಬಾಗಿಲು ಕಳಚಿ ಅವನ ಭುಜದ ಮೇಲೆ ಬಂತು.

ಅವನು ಅದನ್ನು ಹೊತ್ತು ಮೆಟ್ಟಿಲು ಹತ್ತುವಾಗ ತಾಯಿ ಇಳಿಯುತ್ತಿದ್ದಳು. ಬೆನ್ನ ಮೇಲೆ ಕೋಣೆಯ ನೆಲಹಾಸು, ಅವಳ ಮದುವೆಯ ಕಂಬಳಿ. ಪಕ್ಕದಲ್ಲಿ ಓರ್ಮೋನ್ ಮುರಿದ ಕೈಯನ್ನು ಎದೆಗವಚಿಕೊಂಡು ತೆವಳುತ್ತಿದ್ದ. ಇಕ್ಕಟ್ಟಿನ ಮೆಟ್ಟಿಲು. ಕಾಂಚೊರೊ ಗೋಡೆಗೆ ಸರಿದು ದಾರಿ ಬಿಟ್ಟ.

ಮೇಲಿನ ಕಿಟಕಿಯಿಂದ ನೋಡಿದ. ಅವಳು ವ್ಯಾನಿನ ತೆರೆದ ಬಾಯಿಗೆ ಕಂಬಳಿ ಹರಡಿ, ನಾಲ್ಕೂ ಮೂಲೆಗೆ ಹಗ್ಗ ಬಿಗಿದಳು. ಹಳದಿ ಟೋಪಿಯವನು ಸ್ಟಿಯರಿಂಗ್ ಹಿಡಿದು ಕೂತ. ಆಮೇಲೆ ಅವಳು ಮಡಿಲಿಂದ ರೊಟ್ಟಿಯ ಚೂರು ತೆಗೆದು ಕಂಬಳಿಯ ಸಂದಿಯೊಳಗೆ ಕೈ ತೂರಿಸಿದಳು. "ಬಾಯಿ ತೆಗಿ," ಅಂದದ್ದು ಮೇಲಕ್ಕೂ ಕೇಳಿತು. "ನೀನೂ ತೆಗಿ. ಓರ್ಮೋನ್, ಅಳ್ಬೇಡ, ಅಗಿ." ನಾಲ್ಕು ಸಲ ಕೈ ಒಳಗೆ ಹೋಗಿ ಬಂತು. ವ್ಯಾನು ಕೆಂಪು ಕಂಬಳಿ ಬಡಿದಾಡಿಸುತ್ತ ಕಣಿವೆಗೆ ಇಳಿಯಿತು.

ಸೂರ್ಯ ಬೆಟ್ಟಕ್ಕೆ ತಾಕುವ ಹೊತ್ತಿಗೆ ಅವನು ವ್ಯಾನಿನ ಬಾಗಿಲನ್ನು ಚೌಕಟ್ಟಿಗೆ ತಂತಿಯಲ್ಲಿ ಬಿಗಿದಿದ್ದ. ಮೇಲೂ ಪಕ್ಕದಲ್ಲೂ ಉಳಿದ ಸಂದಿಗೆ ಸಗಣಿ ಚೀಲ ತುರುಕಿದ. ತಾಯಿ ಒಳಗಿದ್ದಳು, ಅವನು ಹೊರಗೆ. ಕೊನೆಯ ತಂತಿ ತಿರುಚಿ ಹಿಡಿಕೆ ಒತ್ತಿದ. ಒಳಗಿಂದ ಚಿಲಕ ಕಟಕ್ ಎಂದು ಬಿತ್ತು. ಹಿಡಿಕೆ ಕದಲಲಿಲ್ಲ.

"ಅವ್ವಾ."

ಒಲೆಗೆ ಸೌದೆ ಒಡ್ಡುವ ಸದ್ದು.

"ಅವ್ವಾ, ನಾನು."

ಬೆಂದ ಕೈ ಬಾತಿತ್ತು. ಇನ್ನೊಂದು ಕೈಯಲ್ಲಿ ಓರ್ಮೋನನ ಹಲ್ಲಿನ ಗುರುತು. ಮೆಟ್ಟಿಲ ಮೇಲೆ ಉಸಿರು ಬೀಳುವಲ್ಲೇ ಗಟ್ಟಿಯಾಗುತ್ತಿತ್ತು. ಎಷ್ಟು ಹೊತ್ತಾಯಿತೋ, ಬಾಗಿಲಿನ ಜಾರುಗಾಜು ಅಂಗೈಯಗಲ ಸರಿಯಿತು. ಅದರೊಳಗಿಂದ ಅವಳ ಕೈ ಬಂತು. ಕೈಯಲ್ಲಿ ರೊಟ್ಟಿಯ ಚೂರು, ಮೆಟ್ಟಿಲ ಮಣ್ಣು ಹತ್ತಿದ್ದು, ಒಂದು ಅಂಚು ಕೆಂಪು.

ತೆಗೆದುಕೊಳ್ಳಲು ಹೋದ. ಚಳಿಗೆ ಎರಡೂ ಕೈಯ ಬೆರಳು ಮಡಚಲಿಲ್ಲ. ಬಗ್ಗಿ ಮೇಕೆಯಂತೆ ಅವಳ ಅಂಗೈಗೇ ಬಾಯಿ ಹಾಕಿದ. ಹಲ್ಲಿನ ನಡುವೆ ಮಣ್ಣು ಕರಕರ ಎಂದಿತು. ಚಿಲಕ ಇನ್ನೂ ತೆರೆದಿರಲಿಲ್ಲ. ಕೈ ಅಲ್ಲೇ ಇತ್ತು. ಅವನು ಅಗಿಯುತ್ತ ನಿಂತ.