ಬೇವಿನ ಹಲಗೆ ಹೊತ್ತ ಎಡ ಪೆಡಲು

ನಾನು ಸೈಕಲ್ಲಿನ ಒಂದು ಎಡ ಪೆಡಲು. ದೂರದ ಲೂಧಿಯಾನದ ಕಾರ್ಖಾನೆಯೊಂದರಲ್ಲಿ ಎಣ್ಣೆಯ ವಾಸನೆ, ಸುತ್ತಿಗೆಯ ಸದ್ದುಗಳ ನಡುವೆ ಹುಟ್ಟಿದೆ. ಬಲಗಡೆಯವನು ನನ್ನ ಜೊತೆಹುಟ್ಟಿದವನೇ. ಆದರೂ ಸೈಕಲ್ಲಿನಲ್ಲಿ ನಾವು ಒಟ್ಟಿಗೆ ಕೂತವರಲ್ಲ. ಅವನು ಮೇಲೇರಿದರೆ ನಾನು ಕೆಳಗಿಳಿಯಬೇಕು. ಮನುಷ್ಯರ ಮುಖಕ್ಕಿಂತ ಅಂಗಾಲೇ ನನಗೆ ಮೊದಲು ಪರಿಚಯವಾಗುವುದು.

ನನ್ನನ್ನು ಮೊದಲು ತುಳಿದವರು ಕಲಾದಗಿ ಸೀಮೆಯ ಹಳ್ಳಿಯೊಂದರ ಡೋಂಗ್ರಿಸಾಬರು. ಸೈಕಲ್ ರೇಸಿನಲ್ಲಿ ಹೆಸರು ಮಾಡಿದವರು. ಅವರು ಕಾಲಿಟ್ಟರೆ ಬೆರಳ ಬುಡದ ಗಟ್ಟಿ ಭಾಗ ನೇರ ನನ್ನ ನಡುವಿಗೇ ಬಂದು ಕೂರುತ್ತಿತ್ತು. ಭಾರವೇ ತಿಳಿಯುತ್ತಿರಲಿಲ್ಲ. ಮೊಣಕಾಲು ಸೋತ ಮೇಲೆ ಸೈಕಲ್ ಕೊಟ್ಟುಬಿಟ್ಟರು, ನಮ್ಮಿಬ್ಬರನ್ನು ಮಾತ್ರ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡರು.

ಪಕ್ಕದ ಮನೆಯ ಬಡಗಿ ಗುರುಲಿಂಗಪ್ಪನ ಮಗಳು ಚಂಪವ್ವ. ಚಿಕ್ಕಂದಿನಲ್ಲಿ ಮುರಿದ ಎಡಗಾಲು ಸರಿಯಾಗಿ ಕೂಡದೆ ಗಿಡ್ಡವಾಗಿ ಉಳಿದಿತ್ತು. ಹೈಸ್ಕೂಲು ಇದ್ದದ್ದು ಕಲಾದಗಿಯಲ್ಲಿ. ಅಷ್ಟು ದೂರ ಆ ಕಾಲಿನಲ್ಲಿ ನಡೆಯುವಂತಿರಲಿಲ್ಲ, ಹೊತ್ತಿಗೆ ಸರಿಯಾಗಿ ಬಸ್ಸೂ ಇರಲಿಲ್ಲ.

"ಸೈಕಲ್ ಕಲತ್ರ ಸಾಲಿ, ಇಲ್ಲಂದ್ರ ಮನಿ," ಎಂದು ಗುರುಲಿಂಗಪ್ಪ ಹಳೆಯ ಲೇಡೀಸ್ ಸೈಕಲ್ಲೊಂದನ್ನು ತಂದ. ಅದಕ್ಕೆ ಪೆಡಲುಗಳೇ ಇರಲಿಲ್ಲ. ಡೋಂಗ್ರಿಸಾಬರು ಬಟ್ಟೆಯ ಗಂಟು ಬಿಚ್ಚಿ ನಮ್ಮನ್ನು ಕೊಟ್ಟರು.

ಚಂಪವ್ವನ ಎಡಗಾಲು ನನ್ನವರೆಗೆ ಎಟುಕುತ್ತಿರಲಿಲ್ಲ. ಎಟುಕಿಸಲು ಹೋಗಿ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಗುರುಲಿಂಗಪ್ಪ ಬೇವಿನ ಹಲಗೆ ಕೆತ್ತಿ ನನ್ನ ಮೇಲೆ ಕೂರಿಸಿದ. ಅದರ ಭಾರಕ್ಕೆ ನಾನು ತಲೆಕೆಳಗಾದೆ. ಆಗ ಕೆಳಗೂ ಅಂಥದ್ದೇ ಹಲಗೆ ಬಿಗಿದ. ಈಗ ಕಾಲು ಎಟುಕಿತು, ಆದರೆ ಜಾರುವುದು ನಿಲ್ಲಲಿಲ್ಲ.

ಒಂದು ಸಂಜೆ ಮೊಣಕೈ ತರಚಿಕೊಂಡು ಧೂಳಲ್ಲೇ ಕೂತಳು. "ಸಾಲಿ ಬ್ಯಾಡ ಬಿಡಪಾ," ಎಂದಳು. ಗುರುಲಿಂಗಪ್ಪ ಬೇರೆ ಕಡೆ ಮುಖ ತಿರುಗಿಸಿದ.

ಡೋಂಗ್ರಿಸಾಬರು ಕಟ್ಟೆಯಿಂದ ಇಳಿದು ಬಂದರು. ನೋಯುವ ಮೊಣಕಾಲೂರಿ ಕೂತು, ಅವಳ ಪಾದ ಹಿಡಿದು ನನ್ನ ಮೇಲೆ ತುಸು ಹಿಂದಕ್ಕೆ ಸರಿಸಿದರು.

"ಅಂಗಾಲ ನಡುವ ತುಳಿದ್ರ ಜಾರತೈತಿ ನನ್ನವ್ವಾ. ಬೆರಳ ಬುಡಾ ಇಲ್ಲಿ ಕೂಡ್ಲಿ. ಮೊಣಕಾಲ ಹೊರಗ ಚೆಲ್ಲಬ್ಯಾಡ. ಹಾಂ, ಈಗ ತುಳಿ."

ತುಳಿದಳು. ನಾನು ಒಂದು ಸುತ್ತು ಬಂದೆ, ಇನ್ನೊಂದು ಸುತ್ತು ಬಂದೆ. ಬೀದಿಯ ತುದಿಯಿಂದ ಅವಳ ನಗು ಕೇಳಿಸಿತು ಎಂದು ಆಮೇಲೆ ಎಲ್ಲರೂ ಹೇಳಿದರು. ನಾನಂತೂ ಅದನ್ನು ಅವಳ ಕಾಲಿನಲ್ಲೇ ಕೇಳಿದ್ದೆ.

ಹೈಸ್ಕೂಲಿನ ಕೊನೆಯ ವರ್ಷ. ಕಟ್ಟಿಗೆ ಕೆತ್ತುತ್ತಿದ್ದ ಗುರುಲಿಂಗಪ್ಪನ ಬಾಚಿ ಜಾರಿ ಅವನ ಕಾಲಿಗೇ ಬಿತ್ತು. ಊರವರೆಲ್ಲ ಹೊಲಕ್ಕೆ ಹೋಗಿದ್ದ ಹೊತ್ತು. ಚಂಪವ್ವ ಗಾಯಕ್ಕೆ ಸೀರೆಯ ತುಂಡು ಬಿಗಿದು, ಅಪ್ಪನನ್ನು ಹಿಂದೆ ಕೂರಿಸಿಕೊಂಡು ಕಲಾದಗಿ ಆಸ್ಪತ್ರೆಗೆ ಹೊರಟಳು. ಏರು ಬಂತು.

"ಇಳೀತೀನಿ ನಿಲ್ಸವ್ವಾ, ನಿನ್ನ ಕಾಲ..."

"ನೀ ಸುಮ್ಮ ಕೂಡಪಾ. ನನ್ನ ಗಟ್ಟಿ ಹಿಡ್ಕೋ."

ಅಷ್ಟು ಭಾರ ನಾನು ಎಂದೂ ಹೊತ್ತಿರಲಿಲ್ಲ. ಹಲಗೆ ಕಿರುಗುಟ್ಟಿತು. ಅವಳ ಪಾದ ಮಾತ್ರ ಕೂರಿಸಿದಲ್ಲೇ ಕೂತಿತ್ತು. ಗುರುಲಿಂಗಪ್ಪ ಏರು ಮುಗಿಯುವವರೆಗೂ ಮಗಳ ಕಾಲನ್ನೇ ನೋಡುತ್ತಿದ್ದ. ಅವನ ಕಣ್ಣೀರು ರಸ್ತೆಯ ಧೂಳಿಗೆ ಬೀಳುವುದನ್ನು ಕೆಳಗಿದ್ದ ನಾನು ಕಂಡೆ.

ಚಂಪವ್ವ ಓದಿ ನರ್ಸ್ ಆದಳು. ಮುಂದೆ ಸ್ಕೂಟರ್ ಬಂತು, ಸೈಕಲ್ ಗುಜರಿಗೆ ಹೋಯಿತು. ಅದನ್ನು ಕೊಡುವ ಮುಂಚೆ ಗುರುಲಿಂಗಪ್ಪ ಪಾನಾ ಹಿಡಿದು ನನ್ನನ್ನು ಬಿಚ್ಚಿಕೊಂಡ.

"ಒಂದ ಪೆಡಲ್ ಇಟ್ಕೊಂಡ ಏನ್ ಮಾಡ್ತೀರಿ ಅಜ್ಜಾರ?" ಎಂದು ಗುಜರಿಯವನು ನಕ್ಕ.

"ಏನೂ ಮಾಡೂದಿಲ್ಲಪಾ. ಇರ್ಲಿ."

ಈಗ ನಾನು ಅವನ ಕೆಲಸದ ಕೋಣೆಯ ಕಿಟಕಿಯಲ್ಲಿದ್ದೇನೆ. ಬಲಗಡೆಯವನು ಎಲ್ಲಿ ಕರಗಿ ಏನಾದನೋ ತಿಳಿಯದು. ನನಗೂ ತುಕ್ಕು ಹಿಡಿದಿದೆ. ತುಳಿಸಿಕೊಳ್ಳಲೆಂದೇ ಹುಟ್ಟಿದವನು ನಾನು. ಆದರೂ ತುಳಿದವರಾರೂ ನನ್ನನ್ನು ಕೀಳಾಗಿ ಕಂಡದ್ದು ನೆನಪಿಲ್ಲ. ಮಧ್ಯಾಹ್ನ ಕೆಲಸ ನಿಲ್ಲಿಸಿದಾಗ ಗುರುಲಿಂಗಪ್ಪ ಒಮ್ಮೊಮ್ಮೆ ನನ್ನನ್ನು ಬೆರಳಿನಿಂದ ತಿರುಗಿಸುತ್ತಾನೆ. ಅರ್ಧ ಸುತ್ತು ಹೋಗಿ ನಿಲ್ಲುತ್ತೇನೆ. ಅವನಿಗೆ ಅಷ್ಟು ಸಾಕು.